ಮ್ಯಾಕ್ ಆ, ವಿಂಡೋಸ್ ಆ ಆಮೇಲೆ ನೋಡೋಣ... ಅಮ್ಮನ ಅಡುಗೆ ಫೈಲ್ ಎಲ್ಲಿದೆ?

ನಮ್ಮ ಆಫೀಸಿನ ಊಟದ ಟೇಬಲ್ ಮೇಲೆ ದಿನಾ ಎರಡು ಜಗಳ ಗ್ಯಾರಂಟಿ. ಒಂದು, ಯಾವ ಲ್ಯಾಪ್‌ಟಾಪ್ ಒಳ್ಳೇದು ಅನ್ನೋದು. ಇನ್ನೊಂದು, ಇಡ್ಲಿ ಸಾಂಬಾರಲ್ಲಿ ಮುಳುಗಿರಬೇಕಾ, ಇಲ್ಲಾ ಸಾಂಬಾರ್ ಪಕ್ಕದ ಬಟ್ಟಲಲ್ಲಿ ಇರಬೇಕಾ ಅನ್ನೋದು.

ನಮ್ಮ ಟೀಮ್ ಲೀಡ್ ಮ್ಯಾಕ್ ಬಿಟ್ಟು ಬೇರೆಯದನ್ನ ಮುಟ್ಟಲ್ಲ. ಅವರ ಪಕ್ಕ ಕೂರೋ ಹುಬ್ಬಳ್ಳಿ ಹುಡುಗ ಲಿನಕ್ಸ್ ಭಕ್ತ. 'ರೊಕ್ಕ ಕೊಟ್ಟು ಯಾಕ ಬೇಡಿ ಹಾಕ್ಕೋತೀರಿ?' ಅಂತ ಕೇಳ್ತಾನೆ. ಅವನ ಡಬ್ಬಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ. ಮಂಗಳೂರಿನ ಗೆಳತಿಗೆ ತೆಂಗಿನೆಣ್ಣೆ ವಾಸನೆ ಇಲ್ಲದ ಪಲ್ಯ ಪಲ್ಯವೇ ಅಲ್ಲ. ಇನ್ನು ನಾನು? ಸಾರಿಗೆ ಬೆಲ್ಲ ಹಾಕೋರ ಜೊತೆ ವಾದಕ್ಕೇ ಇಳಿಯಲ್ಲ. ಹಾಕಬಾರದು, ಅಷ್ಟೇ.

ನಿಮ್ಮ ಆಫೀಸಲ್ಲೂ ಇಂಥ ಜಗಳ ಇದ್ದೇ ಇರುತ್ತೆ. ತಪ್ಪೇನಿಲ್ಲ ಬಿಡಿ, ಮೀಟಿಂಗ್‌ಗಳ ಮಧ್ಯೆ ಇದೊಂದು ಮಜಾ. ಆದ್ರೆ ಕಳೆದ ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಘಟನೆ ಆದ್ಮೇಲೆ ನನಗೆ ಈ ಜಗಳದ ಬಗ್ಗೆ ಸ್ವಲ್ಪ ಬೇರೆ ಥರ ಅನ್ನಿಸ್ತಿದೆ. ಅದನ್ನ ಹೇಳೋಕೇ ಈ ಬರಹ.

ಗಡಿಯಾರ ನುಂಗಿದ ಕಂಪ್ಯೂಟರ್

ಒಂದು ಗುರುವಾರ ಸಂಜೆ ಅರಸೀಕೆರೆಯಿಂದ ಅಮ್ಮನ ಫೋನು.

'ಮಗಾ, ಕಂಪ್ಯೂಟ್ರು ಟಿಕ್ ಟಿಕ್ ಅಂತೈತೆ ಕಣೆ. ಗಡಿಯಾರ ನುಂಗ್ದಂಗೆ.'

ನಾನು ಮೀಟಿಂಗಲ್ಲಿದ್ದೆ. ಎಲ್ಲರೂ ಹೇಳೋದನ್ನೇ ನಾನೂ ಹೇಳಿದೆ. 'ಆಫ್ ಮಾಡಿ ಆನ್ ಮಾಡಮ್ಮ.'

ಅಮ್ಮ ಮಾಡಿದ್ರು. ಮತ್ತೆ ಟಿಕ್ ಟಿಕ್. 'ಇನ್ನೊಂದ್ಸಲ ಮಾಡು' ಅಂದೆ. ಹೀಗೆ ಐದಾರು ಸಲ. ಕೊನೆಗೆ ಕಪ್ಪು ಪರದೆ ಮೇಲೆ ಇಂಗ್ಲಿಷಲ್ಲಿ ಏನೋ ಒಂದು ಸಾಲು ಬಂದು ನಿಂತುಹೋಯ್ತು.

ಅಮ್ಮನ ಕಂಪ್ಯೂಟರ್ ಬಗ್ಗೆ ಒಂದೆರಡು ಮಾತು ಹೇಳಬೇಕು. ಅಮ್ಮ ಸರ್ಕಾರಿ ಕಚೇರಿಯಲ್ಲಿ ಬೆರಳಚ್ಚುಗಾರ್ತಿ ಆಗಿದ್ದವರು. ಮೊದಲು ಟೈಪ್‌ರೈಟರ್, ಆಮೇಲೆ ಕಂಪ್ಯೂಟರಲ್ಲಿ ನುಡಿ. ರಿಟೈರ್ ಆಗೋ ಮುಂಚೆ ಅಪ್ಪ ಮನೆಗೊಂದು ಡೆಸ್ಕ್‌ಟಾಪ್ ತಂದುಕೊಟ್ಟಿದ್ರು. ಮೂರನೇ ತಲೆಮಾರಿನ ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಈಗಿನ ಲೆಕ್ಕದಲ್ಲಿ ಮ್ಯೂಸಿಯಂ ಪೀಸು.

ಅದನ್ನ ಎಸೆದು ಲ್ಯಾಪ್‌ಟಾಪ್ ಕೊಡಿಸ್ತೀನಿ ಅಂತ ನಾನು ಮೂರು ವರ್ಷದಿಂದ ಹೇಳ್ತಾನೇ ಇದ್ದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಾಗ ನನ್ನ ವಾದಕ್ಕೆ ಇನ್ನಷ್ಟು ಬಲ ಬಂತು. ವಿಂಡೋಸ್ 11 ಬೇಕಂದ್ರೆ ಟಿಪಿಎಂ 2.0 ಅನ್ನೋ ಭದ್ರತಾ ಸೌಲಭ್ಯ ಇರಬೇಕು. ಇಂಟೆಲ್ ಆದ್ರೆ ಹೆಚ್ಚುಕಮ್ಮಿ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು. ಅಮ್ಮನದು ಯಾವ ಲೆಕ್ಕಕ್ಕೂ ಬರಲ್ಲ.

'ಲ್ಯಾಪ್‌ಟಾಪಿನ ಕೀ ಚಪ್ಪಟೆ ಕಣೆ. ಬೆರಳಿಗೆ ಗೊತ್ತಾಗಲ್ಲ' ಅನ್ನೋದು ಅಮ್ಮನ ಒಂದೇ ಉತ್ತರ. ಹಳೇ ಕಾಲದೋರ ಹಠ ಅಂದ್ಕೊಂಡಿದ್ದೆ.

ಆವತ್ತು ಫೋನ್ ಇಡೋ ಮುಂಚೆ ಅಮ್ಮ ಮೆಲ್ಲಗೆ ಕೇಳಿದ್ರು. 'ಅಡುಗೆ ಫೈಲು ಹೋಯ್ತೇನೆ?'

ಯಾವ ಅಡುಗೆ ಫೈಲು? ಅಂಥದ್ದೊಂದು ಇದೆ ಅನ್ನೋದೇ ನನಗೆ ಗೊತ್ತಿರಲಿಲ್ಲ.

'ಎಷ್ಟು ಸಲ ಆನ್ ಮಾಡಿದ್ರಿ ಮೇಡಂ?'

ಶನಿವಾರ ಊರಿಗೆ ಹೋಗಿ, ಸಿಪಿಯು ಬಿಚ್ಚಿ, ಹಾರ್ಡ್ ಡಿಸ್ಕನ್ನ ಟವೆಲಲ್ಲಿ ಸುತ್ತಿ ಬೆಂಗಳೂರಿಗೆ ತಂದೆ. ಎಸ್.ಪಿ. ರೋಡ್ ಗೊತ್ತಲ್ಲ, ಸಿಟಿ ಮಾರ್ಕೆಟ್ ಕಡೆಯದು. ಸಂದಿಗೊಂದು ಕಂಪ್ಯೂಟರ್ ಅಂಗಡಿ, ಅಂಗಡಿಗೊಬ್ಬ ಪಂಡಿತ. ಅಲ್ಲಿ ಡೇಟಾ ತೆಗೆದುಕೊಡೋ ಒಬ್ಬ ಹಿರಿಯರ ಹತ್ರ ಕೊಟ್ಟೆ. ಅವರು ಡಿಸ್ಕನ್ನ ಕಿವಿ ಹತ್ರ ಇಟ್ಟುಕೊಂಡು, ಒಂದೇ ಸಲ ಪವರ್ ಕೊಟ್ಟು, ತಕ್ಷಣ ಕಿತ್ತರು.

'ಸದ್ದು ಬಂದ್ಮೇಲೆ ಎಷ್ಟು ಸಲ ಆನ್ ಮಾಡಿದ್ರಿ ಮೇಡಂ?'

ಐದಾರು ಸಲ ಅಂದೆ. ಅವರು ಏನೂ ಹೇಳಲಿಲ್ಲ. ತಲೆ ಅಲ್ಲಾಡಿಸಿದ್ರು.

ಆಮೇಲೆ ಅರ್ಥ ಮಾಡಿಸಿದ್ರು. ಹಾರ್ಡ್ ಡಿಸ್ಕ್ ಒಳಗೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗೋ ತಟ್ಟೆಗಳಿರುತ್ತವೆ. ಅದರ ಮೇಲೆ ಕೂದಲೆಳೆಗಿಂತ ತುಂಬಾ ಕಮ್ಮಿ ಅಂತರದಲ್ಲಿ ಓದೋ ಮುಳ್ಳು ಓಡಾಡ್ತಿರುತ್ತೆ. ಟಿಕ್ ಟಿಕ್ ಅನ್ನೋದು ಆ ಮುಳ್ಳು ದಾರಿ ತಪ್ಪಿ ಮತ್ತೆ ಮತ್ತೆ ಹುಡುಕ್ತಿರೋ ಸದ್ದು. ಪ್ರತಿ ಸಲ ಆನ್ ಮಾಡಿದಾಗಲೂ ತಟ್ಟೆ ಕೆರೆದುಹೋಗೋ ಸಾಧ್ಯತೆ ಹೆಚ್ಚುತ್ತೆ. ಕೆರೆದುಹೋದ ಜಾಗದಲ್ಲಿದ್ದದ್ದು ಯಾರಿಂದಲೂ ವಾಪಸ್ ಬರಲ್ಲ.

ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಹೊಟ್ಟೆಪಾಡು. ಕೆಟ್ಟಿರೋ ವಸ್ತುವನ್ನ ಇನ್ನಷ್ಟು ಕೆಡಿಸಬಾರದು ಅನ್ನೋ ಮೊದಲ ಪಾಠವನ್ನೇ ನಾನು ಮನೆಗೆ ಬಂದಾಗ ಮರೆತಿದ್ದೆ.

ಅವರು ಆ ಡಿಸ್ಕಿಂದ ನೇರವಾಗಿ ಫೈಲ್ ತೆಗೀಲಿಲ್ಲ. ಮೊದಲು ಇಡೀ ಡಿಸ್ಕಿನ ಪ್ರತಿ ತೆಗೆಯೋಕೆ ಇಟ್ಟರು. ಸುಲಭವಾಗಿ ಓದೋಕೆ ಆಗೋದನ್ನ ಮೊದಲು ಬಾಚಿಕೊಂಡು, ಕೆಟ್ಟ ಜಾಗಗಳಿಗೆ ಕೊನೆಯಲ್ಲಿ ವಾಪಸ್ ಬರೋ ಪದ್ಧತಿ ಅದು. ಡಿಡಿರೆಸ್ಕ್ಯೂ ಅನ್ನೋ ಉಚಿತ ಸಾಫ್ಟ್‌ವೇರ್ ಮಾಡೋದೂ ಇದನ್ನೇ. ಎರಡು ದಿನ ಹಿಡೀತು. ಮದುವೆ ಫೋಟೋಗಳಲ್ಲಿ ಒಂದಿಷ್ಟು ಹೋದವು. 'ಅಡುಗೆ' ಅನ್ನೋ ಫೈಲ್ ಮಾತ್ರ ಸಿಕ್ಕಿತು.

ಫೈಲ್ ಸಿಕ್ಕಿತು, ಕನ್ನಡ ಸಿಗಲಿಲ್ಲ

ಆಫೀಸ್ ಲ್ಯಾಪ್‌ಟಾಪಲ್ಲಿ ತೆರೆದು ನೋಡಿದ್ರೆ ಎದೆ ಧಸಕ್ ಅಂತು. ಪುಟಗಟ್ಟಲೆ ಇಂಗ್ಲಿಷ್ ಅಕ್ಷರಗಳು, ತಲೆ ಮೇಲೆ ಟೋಪಿ ಹಾಕ್ಕೊಂಡ ಅಕ್ಷರಗಳು, ಪೌಂಡ್ ಚಿಹ್ನೆಗಳು. ಒಂದು ಪದವೂ ಕನ್ನಡದ್ದಲ್ಲ. ಫೈಲ್ ಹಾಳಾಗಿದೆ ಅಂತಲೇ ತೀರ್ಮಾನಿಸಿಬಿಟ್ಟೆ.

ಹುಬ್ಬಳ್ಳಿ ಹುಡುಗ ಇಣುಕಿ ನೋಡಿ ನಕ್ಕ. 'ಹಾಳಾಗಿಲ್ಲ ಬಿಡ್ರಿ. ಹಳೇ ಫಾಂಟ್ ಐತಿ ಇದು.'

ವಿಷಯ ಇಷ್ಟೇ. ಕಂಪ್ಯೂಟರಿಗೆ ಕನ್ನಡ ಅಕ್ಷರಗಳ ಪರಿಚಯವೇ ಇಲ್ಲದ ಕಾಲದಲ್ಲಿ ಕನ್ನಡದವರು ಒಂದು ಉಪಾಯ ಮಾಡಿದ್ರು. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನ ಕೂರಿಸಿದ ಫಾಂಟ್ ತಯಾರಿಸಿದ್ರು. ಕಣ್ಣಿಗೆ ಕಾಣೋದು ಕನ್ನಡ, ಒಳಗೆ ಉಳಿಯೋದು ಇಂಗ್ಲಿಷ್ ಸಂಕೇತ. 1998ರಲ್ಲಿ ಬಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಎರಡರಲ್ಲೂ ಲಕ್ಷಾಂತರ ಪುಟ ಕನ್ನಡ ಹೀಗೇ ಟೈಪ್ ಆಗಿದೆ. ಆ ತಂತ್ರಾಂಶಗಳು ಇಲ್ಲದಿದ್ರೆ ಆವತ್ತು ಕಂಪ್ಯೂಟರಲ್ಲಿ ಕನ್ನಡ ಬರೆಯೋದೇ ಕಷ್ಟ ಇತ್ತು. ಈಗ ನಾವು ಫೋನಲ್ಲಿ ಬರೆಯೋ ಕನ್ನಡ ಯೂನಿಕೋಡ್. ಅದರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಸ್ವಂತ ಮನೆ ನಂಬರ್ ಇದೆ. ಹಳೇದಕ್ಕೆ ಹಾಗಿಲ್ಲ, ಆ ಫಾಂಟ್ ಇದ್ರೆ ಕನ್ನಡ, ಇಲ್ಲದಿದ್ರೆ ಗೋಜಲು.

ಫಾಂಟ್ ಹಾಕಿದ ತಕ್ಷಣ ಇಡೀ ಪುಟ ಕನ್ನಡವಾಗಿ ತಿರುಗಿತು. ಮೊದಲ ಸಾಲು: 'ಅತ್ತೆಯವರ ಹುಳಿಪುಡಿ.'

ನಮ್ಮ ಅಜ್ಜಿ ತೀರಿಕೊಂಡು ಹನ್ನೊಂದು ವರ್ಷ ಆಯ್ತು.

ಕೆಳಗೆ ಇಳೀತಾ ಹೋದೆ. ಬಸ್ಸಾರು, ಉಪ್ಸಾರು, ಮಸೊಪ್ಪು, ಹಿತಕಿದವರೆ ಸಾರು, ಒತ್ತು ಶಾವಿಗೆ. ಒಟ್ಟು 86 ಅಡುಗೆ. ಪ್ರತಿಯೊಂದರ ಕೆಳಗೂ ಅಮ್ಮನ ಟಿಪ್ಪಣಿ, ಕಚೇರಿ ಕಡತಕ್ಕೆ ಷರಾ ಬರೆದ ಹಾಗೆ. 'ಮಗಳಿಗೆ ಬೆಲ್ಲ ಆಗಲ್ಲ, ಹಾಕುವುದು ಬೇಡ.' 'ಇವರಿಗೆ ಖಾರ ಆಗುವುದಿಲ್ಲ, 4 ಮೆಣಸಿನಕಾಯಿ ಸಾಕು.'

ಇವರು ಅಂದ್ರೆ ಅಪ್ಪ. ಅಪ್ಪ ಹೋಗಿ ನಾಲ್ಕು ವರ್ಷ. ಅಮ್ಮ ಈಗಲೂ ನಾಲ್ಕೇ ಮೆಣಸಿನಕಾಯಿ ಹಾಕ್ತಾರೆ. ನಾನು ಪ್ರತಿ ಸಲ 'ಸಪ್ಪೆ ಆಯ್ತಲ್ಲಮ್ಮ' ಅಂತಿದ್ದೆ.

ಸಾರಿಗೆ ಬೆಲ್ಲ ಹಾಕಬಾರದು ಅನ್ನೋ ನನ್ನ 'ಸಿದ್ಧಾಂತ' ಎಲ್ಲಿಂದ ಬಂತು ಅಂತಾನೂ ಆವತ್ತೇ ಗೊತ್ತಾಯ್ತು. ಹಾಸನ ಜಿಲ್ಲೆಯ ಸಂಪ್ರದಾಯ ಅಂತ ಆಫೀಸಲ್ಲಿ ಭಾಷಣ ಮಾಡ್ತಿದ್ದೆ. ಅಜ್ಜಿಯ ಮೂಲ ಅಳತೆಯಲ್ಲಿ ನಿಂಬೆಹಣ್ಣಿನ ಗಾತ್ರದ ಬೆಲ್ಲ ಇತ್ತು! ಚಿಕ್ಕವಳಿದ್ದಾಗ ನಾನು ಹಠ ಮಾಡಿದ್ದಕ್ಕೆ ಅಮ್ಮ ತೆಗೆದುಹಾಕಿದ್ರು, ಅಷ್ಟೇ.

'ಕನಾರ್ಟಕ' ಮತ್ತು 'ಅಧರ್' ಚಮಚ

ಫೈಲನ್ನ ಯೂನಿಕೋಡಿಗೆ ಬದಲಾಯಿಸೋಣ, ಫೋನಲ್ಲೂ ಓದಬಹುದು ಅಂದ್ಕೊಂಡೆ. ಅದಕ್ಕೆ ಉಚಿತ ಪರಿವರ್ತಕಗಳಿವೆ. ಹಾಕಿದ ಕೂಡಲೇ ಬದಲಾಗುತ್ತೆ. ಆದ್ರೆ ಬದಲಾದದ್ದೆಲ್ಲ ಸರಿ ಇರಲ್ಲ.

ವೆಬ್‌ಸೈಟುಗಳಲ್ಲಿ ಒಮ್ಮೊಮ್ಮೆ 'ಕನಾರ್ಟಕ' ಅಂತ ನೋಡಿರ್ತೀರಿ. ಬರೆದವರ ತಪ್ಪು ಅಂದ್ಕೊಂಡಿರ್ತೀರಿ. ಎಷ್ಟೋ ಸಲ ಅದು ಅರ್ಕಾವೊತ್ತಿನ ಕಿತಾಪತಿ. ಹಳೇ ಫಾಂಟಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣೋ ಕ್ರಮದಲ್ಲಿ, ಅಂದ್ರೆ ಅಕ್ಷರದ ಆದ್ಮೇಲೆ ಕೂರುತ್ತೆ. ಯೂನಿಕೋಡಲ್ಲಿ ಉಚ್ಚಾರದ ಕ್ರಮದಲ್ಲಿ, ಅಕ್ಷರಕ್ಕಿಂತ ಮೊದಲು ಬರಬೇಕು. ಪರಿವರ್ತಕ ಒಂದು ಕಡೆ ಎಡವಿದ್ರೂ 'ಅರ್ಧ ಚಮಚ' ಹೋಗಿ 'ಅಧರ್ ಚಮಚ' ಆಗುತ್ತೆ. ಮಧ್ಯೆ ಮಧ್ಯೆ ಅಮ್ಮ ಇಂಗ್ಲಿಷಲ್ಲಿ ಬರೆದಿದ್ದ ಕುಕ್ಕರ್, ಕೆಜಿ, ಸ್ಪೂನ್ ಎಲ್ಲ ಅರ್ಥ ಇಲ್ಲದ ಕನ್ನಡ ಅಕ್ಷರಗಳಾಗಿ ಕೂತಿದ್ದವು. ಪಾಪ, ಪರಿವರ್ತಕಕ್ಕೆ ಅವೂ ಕನ್ನಡದ ಸಂಕೇತದ ಹಾಗೇ ಕಾಣುತ್ತೆ.

ಮೂಲ ಫೈಲ್ ಇಟ್ಟುಕೊಂಡಿದ್ದೆ, ಹಾಗಾಗಿ ಹೋಲಿಸಿ ಸರಿ ಮಾಡಿದೆ. ಆದ್ರೆ ಮೂಲದಲ್ಲೇ ಒಂದು ಸಮಸ್ಯೆ ಇತ್ತು. 'ಮೆಂತ್ಯ 1 ಸ್ಪೂನ್' ಅಂತಿತ್ತು. ಯಾವ ಸ್ಪೂನು? ಟೀ ಚಮಚವಾ, ಊಟದ ಚಮಚವಾ? ಮೆಂತ್ಯ ಒಂಚೂರು ಜಾಸ್ತಿ ಆದ್ರೂ ಹುಳಿಪುಡಿ ಕಹಿ. ಮಣಿಗಟ್ಟಲೆ ಹುರಿದದ್ದೆಲ್ಲ ವೇಸ್ಟು. ಧನಿಯಕ್ಕೆ 'ಒಂದು ಪಾವು' ಅಂತಿತ್ತು. ಪಾವು ಅಂದ್ರೆ ಸೇರಿನ ಕಾಲು ಭಾಗ ಅಂತ ಗೊತ್ತು, ಆದ್ರೆ ಈಗಿನ ಯಾರ ಅಡುಗೆಮನೆಯಲ್ಲಿದೆ ಆ ಪಾತ್ರೆ?

ಇದಕ್ಕೆ ಯಾವ ಸಾಫ್ಟ್‌ವೇರೂ ಇಲ್ಲ. ಉತ್ತರ ಗೊತ್ತಿರೋದು ಒಬ್ಬರಿಗೇ, ಅವರಿರೋದು ಅರಸೀಕೆರೆಯಲ್ಲಿ.

ಎಫ್ ಕೀಲಿಯ ಗುಟ್ಟು

ಎರಡು ವಾರ ಬಿಟ್ಟು ಮತ್ತೆ ಊರಿಗೆ ಹೋದೆ. ಈ ಸಲ ಬ್ಯಾಗಲ್ಲಿ ಒಂದು ಎಸ್ಎಸ್‌ಡಿ, ಇನ್ನೊಂದು 4 ಜಿಬಿ ರ‍್ಯಾಮ್ ಇತ್ತು. ಹೊಸ ಲ್ಯಾಪ್‌ಟಾಪಿನ ಮಾತು ಕೈಬಿಟ್ಟಿದ್ದೆ.

ಎಸ್ಎಸ್‌ಡಿಯಲ್ಲಿ ತಿರುಗೋ ಭಾಗ ಇಲ್ಲ. ಹಳೇ ಹಾರ್ಡ್ ಡಿಸ್ಕ್ ಸೆಕೆಂಡಿಗೆ ನೂರು ನೂರೈವತ್ತು ಎಂಬಿ ಓದಿದ್ರೆ, ಸಾಮಾನ್ಯ ಸಾಟಾ ಎಸ್ಎಸ್‌ಡಿ ಐನೂರರ ಆಚೆ ಹೋಗುತ್ತೆ. ಹಳೇ ಕಂಪ್ಯೂಟರಿಗೆ ಹೊಸ ಜೀವ ಬರೋದು ಪ್ರೊಸೆಸರಿಂದ ಅಲ್ಲ, ಇದರಿಂದ. ಅದರ ಮೇಲೆ ಲಿನಕ್ಸ್ ಹಾಕಿದೆ. ಹುಬ್ಬಳ್ಳಿ ಹುಡುಗ ಗೆದ್ದ, ಏನು ಮಾಡೋದು! ಆನ್ ಆಗೋಕೆ ಎರಡು ಮೂರು ನಿಮಿಷ ತಗೋತಿದ್ದ ಪೆಟ್ಟಿಗೆ ಈಗ ಅರ್ಧ ನಿಮಿಷದೊಳಗೆ ರೆಡಿ.

ಅಮ್ಮನಿಗೆ ಇದ್ಯಾವುದೂ ಮುಖ್ಯ ಅಲ್ಲ. 'ನನ್ನ ಕೀಬೋರ್ಡು?' ಅಂತ ಕೇಳಿದ್ರು.

ಅಮ್ಮನ ಕೀಬೋರ್ಡ್ ಅದೇ ಹಳೇದು. ಅದರಲ್ಲಿ ಎಫ್ ಕೀಲಿಯ ಅಕ್ಷರ ಪೂರ್ತಿ ಅಳಿಸಿಹೋಗಿದೆ. ಯಾಕೆ ಅದೊಂದೇ ಅಂತ ಮೊದಲ ಸಲ ಕೇಳಿದೆ.

'ಒತ್ತಕ್ಷರಕ್ಕೆ ಎಫ್ ಒತ್ತಬೇಕಲ್ಲೇ. ಉಪ್ಪು, ಅಕ್ಕಿ, ಬೆಲ್ಲ, ತುಪ್ಪ, ರೊಟ್ಟಿ, ಮುದ್ದೆ... ಯಾವ್ದು ಬರೆದ್ರೂ ಎಫ್ ಬೇಕು.'

ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ಅದು. ಇಂಗ್ಲಿಷಿನ 26 ಕೀಲಿಗಳಲ್ಲೇ ಇಡೀ ಕನ್ನಡ ವರ್ಣಮಾಲೆ. ನುಡಿಯಲ್ಲಿರೋದೂ ಅದೇ ವಿನ್ಯಾಸ. ಲಿನಕ್ಸಲ್ಲೂ ಅದು ಕೆಜಿಪಿ ಅನ್ನೋ ಹೆಸರಲ್ಲಿ ಸಿಗುತ್ತೆ, ಆರಿಸಿಕೊಂಡ್ರೆ ಆಯ್ತು. ಈಗ ಅದೇ ಬೆರಳುಗಳು ಒತ್ತಿದ್ದು ನೇರ ಯೂನಿಕೋಡಲ್ಲಿ ಮೂಡುತ್ತೆ. ಫಾಂಟ್‌ಗಳ ಪಟ್ಟಿಯಲ್ಲಿ 'ಗುಬ್ಬಿ', 'ನವಿಲು' ಅನ್ನೋ ಹೆಸರು ನೋಡಿ ಅಮ್ಮನಿಗೆ ಖುಷಿಯೋ ಖುಷಿ. ಗುಬ್ಬಿಯನ್ನೇ ಇಟ್ಟುಕೊಂಡಿದ್ದಾರೆ.

ಅಮ್ಮ ಲ್ಯಾಪ್‌ಟಾಪ್ ಬೇಡ ಅಂದಿದ್ದು ಹಠ ಅಲ್ಲ. ಅವರ ಬೆರಳಿಗೆ ಮೂವತ್ತು ವರ್ಷದ ಕೆಲಸ ಗೊತ್ತಿದೆ. ನಾನು ಅದಕ್ಕೆ ಅಡ್ಡ ಬರ್ತಿದ್ದೆ, ಅಷ್ಟೇ.

ಟೆಸ್ಟಿಂಗ್ ಅಡುಗೆಮನೆಯಲ್ಲಿ

ಅವರೆಕಾಯಿ ಕಾಲ. ಶನಿವಾರ ಬೆಳಗ್ಗೆ ಫೋನಲ್ಲಿ ಫೈಲ್ ತೆರೆದು ಅಡುಗೆಮನೆಯಲ್ಲಿ ಕೂತೆ. ನಾನು ಓದೋದು, ಅಮ್ಮ ಮಾಡಿ ತೋರಿಸೋದು.

'ಮೆಂತ್ಯ 1 ಸ್ಪೂನ್' ಅಂದೆ.

ಅಮ್ಮ ಒಗ್ಗರಣೆ ಡಬ್ಬಿ ತೆಗೆದು ಅದರೊಳಗಿನ ಪುಟ್ಟ ಚಮಚ ತೋರಿಸಿದ್ರು. 'ಇದು.' ಟೀ ಚಮಚದ ಅರ್ಧವೂ ಇಲ್ಲ! ನಾನು ಅಂದಾಜಲ್ಲಿ ಮಾಡಿದ್ರೆ ಅಜ್ಜಿಯ ಹುಳಿಪುಡಿ ಕಷಾಯ ಆಗ್ತಿತ್ತು.

ಪಾವು ಅಂದಾಗ ಅಟ್ಟದಿಂದ ಹಿತ್ತಾಳೆಯ ಅಳತೆ ಪಾತ್ರೆ ಇಳಿಸಿದ್ರು. ಅದರ ತುಂಬ ಧನಿಯ ತುಂಬಿ, ತಕ್ಕಡಿಯಲ್ಲಿ ತೂಗಿ, ಗ್ರಾಂ ಲೆಕ್ಕ ಬರ್ಕೊಂಡೆ. ಮೆಣಸಿನಕಾಯಿ ಅಂತ ಇದ್ದ ಕಡೆ ಯಾವುದು ಅಂತ ಕೇಳಿದೆ. 'ಬ್ಯಾಡಗೀನೇ. ಬಣ್ಣಕ್ಕೆ ಅದು. ಖಾರ ಬೇಕಂದ್ರೆ ಗುಂಟೂರು ಎರಡು ಸೇರಿಸ್ಕೋ' ಅಂದ್ರು. ಹಾವೇರಿ ಜಿಲ್ಲೆಯ ಆ ಸುಕ್ಕುಗಟ್ಟಿದ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತೇ ಸಿಕ್ಕಿದೆ. ಆದ್ರೆ ಅಮ್ಮನ ಫೈಲಲ್ಲಿ ಅದಕ್ಕೆ ಹೆಸರೂ ಇರಲಿಲ್ಲ. ಅವರ ಮಟ್ಟಿಗೆ ಮೆಣಸಿನಕಾಯಿ ಅಂದ್ರೆ ಅದೊಂದೇ.

ಎರಡು ದಿನದಲ್ಲಿ ಮುಗಿದದ್ದು ಏಳು ಅಡುಗೆ. ಇನ್ನೂ 79 ಇವೆ. ಪ್ರತಿ ತಿಂಗಳು ಒಂದು ವಾರಾಂತ್ಯ ಇದಕ್ಕೇ ಅಂತ ಇಟ್ಟಿದ್ದೀನಿ. ಅಮ್ಮನ ಟಿಪ್ಪಣಿಗಳನ್ನ ಮಾತ್ರ ತಿದ್ದಿಲ್ಲ. 'ಇವರಿಗೆ 4 ಮೆಣಸಿನಕಾಯಿ ಸಾಕು' ಅನ್ನೋದು ಹಾಗೇ ಇದೆ.

ನಿಮ್ಮ ಮನೆಯಲ್ಲೂ ಒಂದು ಫೈಲ್ ಇರಬಹುದು

ಅಡುಗೆಯೇ ಆಗಬೇಕಂತಿಲ್ಲ. ಅಪ್ಪನ ಲೆಕ್ಕದ ಪುಸ್ತಕ, ತಾತನ ಭಜನೆ ಸಂಗ್ರಹ, ಅಕ್ಕ ಬರೆದಿಟ್ಟ ಕತೆ ಏನಾದ್ರೂ ಇರಬಹುದು. ನಾನು ಪೆಟ್ಟು ತಿಂದು ಕಲಿತದ್ದು ಇಷ್ಟು:

1. ಹಾರ್ಡ್ ಡಿಸ್ಕ್ ಟಿಕ್ ಟಿಕ್ ಅಂದ್ರೆ ಪವರ್ ತೆಗೀರಿ. ಮತ್ತೆ ಆನ್ ಮಾಡಬೇಡಿ. ಗೊತ್ತಿರೋರ ಕೈಗೆ ಕೊಡಿ.

2. ಎಸ್ಎಸ್‌ಡಿ ಹಾಕಿದ್ದೀವಲ್ಲ ಅಂತ ನಿಶ್ಚಿಂತೆ ಬೇಡ. ಅದು ಕೆಟ್ಟಾಗ ಎಷ್ಟೋ ಸಲ ಸದ್ದೂ ಬರಲ್ಲ, ಸುಮ್ಮನೆ ಹೋಗಿಬಿಡುತ್ತೆ.

3. ಮೂರು ಪ್ರತಿ, ಎರಡು ಬಗೆಯ ಜಾಗ, ಒಂದು ಮನೆಯಿಂದ ಹೊರಗೆ. ಇದನ್ನ 3-2-1 ಸೂತ್ರ ಅಂತಾರೆ. ಕಂಪ್ಯೂಟರಲ್ಲೊಂದು, ಹೊರಗಿನ ಡ್ರೈವಲ್ಲೊಂದು, ಕ್ಲೌಡಲ್ಲೊಂದು ಇದ್ರೆ ಆಯ್ತು.

4. ಹಳೇ ಕನ್ನಡ ಫೈಲ್ ಗೋಜಲಾಗಿ ಕಂಡ್ರೆ ಡಿಲೀಟ್ ಮಾಡಬೇಡಿ. ಮೊದಲು ಹಳೇ ಫಾಂಟ್ ಹಾಕಿ ನೋಡಿ. ಪರಿವರ್ತನೆ ಮಾಡೋದಿದ್ರೆ ಪ್ರತಿಯ ಮೇಲೆ ಮಾಡಿ, ಮೂಲ ಹಾಗೇ ಇರಲಿ. ಅರ್ಕಾವೊತ್ತು, ಅಂಕಿ, ಮಧ್ಯದ ಇಂಗ್ಲಿಷ್ ಪದ, ಈ ಮೂರನ್ನ ಕಣ್ಣಿಟ್ಟು ನೋಡಿ.

5. ಬರೆದವರು ಇರುವಾಗಲೇ ಅವರ ಜೊತೆ ಕೂತು ಓದಿ. 'ಯಾವ ಸ್ಪೂನು?' ಅಂತ ಕೇಳಿ. ಡಿಸ್ಕ್ ಹೋದ್ರೆ ಎಸ್.ಪಿ. ರೋಡ್ ಇದೆ. ಈ ಉತ್ತರ ಅಲ್ಲಿ ಸಿಗಲ್ಲ.

ಊಟದ ಟೇಬಲ್ ಜಗಳ ಈಗಲೂ ನಡೀತಿದೆ. ಟೀಮ್ ಲೀಡ್ ಇನ್ನೂ ಮ್ಯಾಕ್ ಅಂತಲೇ ಇದ್ದಾರೆ. ಇಡ್ಲಿ ವಿಷಯದಲ್ಲಿ ನನ್ನ ನಿಲುವೂ ಬದಲಾಗಿಲ್ಲ, ಸಾಂಬಾರ್ ಪಕ್ಕದಲ್ಲೇ ಇರಬೇಕು. ಬೆಲ್ಲದ ವಿಷಯದಲ್ಲಿ ಮಾತ್ರ ಸ್ವಲ್ಪ ಮೆತ್ತಗಾಗಿದ್ದೀನಿ. ಹೋದ ತಿಂಗಳು ಅಜ್ಜಿಯ ಮೂಲ ಅಳತೆಯಲ್ಲೇ, ನಿಂಬೆಹಣ್ಣಿನ ಗಾತ್ರದ ಬೆಲ್ಲ ಹಾಕಿ ಹುಳಿ ಮಾಡಿ ಡಬ್ಬಿಯಲ್ಲಿ ತಗೊಂಡು ಹೋಗಿದ್ದೆ. ಮಂಗಳೂರಿನ ಗೆಳತಿ ಎರಡು ಸಲ ಬಡಿಸಿಕೊಂಡಳು.

ನಾನೂ ಎರಡು ಸಲ ಹಾಕಿಸಿಕೊಂಡೆ. ಅಮ್ಮನಿಗೆ ಇನ್ನೂ ಹೇಳಿಲ್ಲ.

ನಿಮ್ಮ ಮನೆಯ ಹಳೇ ಕಂಪ್ಯೂಟರಲ್ಲಿ ಏನಿದೆ? ಈ ವಾರ ಒಂದ್ಸಲ ನೋಡಿ, ನಮಗೂ ಬರೆದು ತಿಳಿಸಿ.